ನಾಲ್ಕು ಸಾವಿರ ಹರ್ಟ್ಸ್

"ಇದರಲ್ಲೂ ಜೀವ ಇಲ್ಲ," ಎಂದು ಹೇಳಿ ಅವಳು ಪೆಡಲನ್ನು ಗಾಜಿನ ಕೌಂಟರಿನ ಮೇಲಿಟ್ಟಳು.

ಮೂರು ವಾರಗಳಲ್ಲಿ ಅವಳು ವಾಪಸು ತಂದ ಮೂರನೆಯ ಡಿಸ್ಟಾರ್ಷನ್ ಪೆಡಲ್ ಅದು, ಗಿಟಾರಿನ ಸದ್ದನ್ನು ಒರಟಾಗಿಸುವ, ಕಾಲಿನಿಂದ ಒತ್ತುವ ಡಬ್ಬಿ. ಮೊದಲನೆಯದು ಹಸಿರು, ಎರಡನೆಯದು ಕಪ್ಪು, ಇದು ಕಿತ್ತಳೆ ಬಣ್ಣದ್ದು. ಮೂರಕ್ಕೂ ಒಂದೇ ದೂರು.

ರಿಪೇರಿಯವನು ಕಾದ ಸೋಲ್ಡರಿಂಗ್ ಕಡ್ಡಿಯನ್ನು ಸ್ಟ್ಯಾಂಡಿಗೆ ಸೇರಿಸಿ ತಲೆಯೆತ್ತಿದ. ವಾದ್ಯಗಳ ಆ ಅಂಗಡಿ ಅವನ ಸೋದರಮಾವನದು. ಮುಂದುಗಡೆ ಮಾವನ ಮಾರಾಟ, ಹಿಂದುಗಡೆ ಇವನ ಮೇಜು. ನಡುವೆ ಗೋಡೆಯಿಲ್ಲ.

"ಹೋದ ಸಲ ನೀವು ಹೇಳಿದ್ರಿ ಅಂತ ಒಳಗಿನ ಕೆಪ್ಯಾಸಿಟರ್ ಬದಲಾಯಿಸಿ ಇನ್ನೂ ಚೂಪು ಮಾಡಿ ಕೊಟ್ಟಿದ್ದೆ."

"ಚೂಪಾ? ಇದಾ? ಕಂಬಳಿ ಹೊದ್ಕೊಂಡು ಯಾರೋ ಬೈತಾ ಇದ್ದ ಹಾಗಿದೆ."

"ನಿಮ್ಮ ಬ್ಯಾಂಡಿನವರು ಏನಂತಾರೆ?"

"ಡ್ರಮ್ಸ್ ನನ್ನ ತಮ್ಮನದು. ಹಲ್ಲಿನ ಡಾಕ್ಟರ ಡ್ರಿಲ್ ಕೇಳಿದ ಹಾಗಾಗತ್ತಂತೆ ಅವನಿಗೆ. ಡ್ರಮ್ ಬಾರಿಸೋನಿಗೆ ಕಿವಿ ಅಂತ ಒಂದಿರತ್ತಾ, ನೀವೇ ಹೇಳಿ."

ಅವನು ನಕ್ಕ. ಅವಳೂ ನಕ್ಕಳು. ನಗುವಾಗ ಅವಳು ಒಂದು ಹುಬ್ಬನ್ನಷ್ಟೇ ಎತ್ತುತ್ತಿದ್ದಳು, ಎಡಗಡೆಯದು. ಇದನ್ನು ಅವನು ಮೊದಲ ದಿನವೇ ಗಮನಿಸಿದ್ದ. ಎರಡನೆಯ ದಿನ ಅದಕ್ಕಾಗಿ ಕಾದಿದ್ದ. ಈಗ ಅದು ಬಂದಾಗ ಕೈಯಲ್ಲಿದ್ದ ಸ್ಕ್ರೂ ಎಲ್ಲಿಟ್ಟೆನೆಂಬುದು ಮರೆತುಹೋಯಿತು.

ಎರಡು ಬೀದಿಗಳಾಚೆಯ ಕನ್ನಡಕದಂಗಡಿಯಲ್ಲಿ ಅವಳ ಕೆಲಸ. ಕಣ್ಣು ಪರೀಕ್ಷಿಸಿ, ಗಾಜು ಉಜ್ಜಿ, ಫ್ರೇಮಿಗೆ ಕೂರಿಸಿಕೊಡುತ್ತಾಳೆ. ಹಾಗಾಗಿ ಮಾವ ಅವಳಿಗೆ ಇಟ್ಟ ಹೆಸರು ಕನ್ನಡಕ ಮೇಡಂ. ಅವಳಿಗೆ ಕನ್ನಡಕ ಇರಲಿಲ್ಲ.

"ಒಂದ್ಸಲ ನುಡಿಸಿ ತೋರಿಸಿ," ಎಂದ. ಪರೀಕ್ಷೆಗೆ ಅದರ ಅಗತ್ಯವಿರಲಿಲ್ಲ.

ಅವಳು ಕನ್ನಡಕ ಒರೆಸುವ ಬಟ್ಟೆಯಿಂದ ಕೇಬಲಿನ ತುದಿ ಒರೆಸಿ ತಾನು ತಂದಿದ್ದ ಗಿಟಾರಿಗೆ ಚುಚ್ಚಿದಳು. ಪೆಡಲಿನ ಮೇಲೆ ಮೂರು ಗುಂಡಿಗಳು: ಡ್ರೈವ್, ಟೋನ್, ವಾಲ್ಯೂಮ್. ಡ್ರೈವ್ ತಿರುಗಿಸಿದಷ್ಟೂ ಗಿಟಾರಿನ ಅಲೆ ಉಬ್ಬಿ, ಸರ್ಕೀಟಿನ ಮಿತಿ ತಾಗಿ, ತಲೆ ಕತ್ತರಿಸಿಕೊಂಡು ಹೊರಬರುತ್ತದೆ. ಕತ್ತರಿಸಿದ ಆ ಜಾಗದಲ್ಲಿ ತಂತಿಯಲ್ಲಿ ಇಲ್ಲದಿದ್ದ ಮೇಲುಸ್ವರಗಳು ಹುಟ್ಟುತ್ತವೆ. ಅವುಗಳಲ್ಲಿ ಎಷ್ಟನ್ನು ಹೊರಗೆ ಬಿಡಬೇಕೆಂದು ಹೇಳುವುದು ಟೋನ್ ಗುಂಡಿ. ಅವಳು ಅದನ್ನು ಕೊನೆಯ ತನಕ ತಿರುಗಿಸಿದಳು.

ಹನ್ನೊಂದು ವರ್ಷಗಳಲ್ಲಿ ಆ ಮೇಜಿನೆದುರು ನೂರಾರು ಜನ ನುಡಿಸಿದ್ದರು. ಹೆಚ್ಚಿನವರು ವೇಗ ತೋರಿಸುತ್ತಿದ್ದರು. ಇವಳು ಒಂದೇ ಸ್ವರ ಮೀಟಿ, ಬೆರಳನ್ನು ಅಲುಗಿಸದೆ ಕಾದಳು. ನಾಲ್ಕು ಸೆಕೆಂಡು, ಆರು, ಎಂಟು. ಒಂಬತ್ತನೆಯ ಸೆಕೆಂಡಿಗೆ ಆ ಸ್ವರ ತನ್ನೊಳಗಿಂದಲೇ ಇನ್ನೊಂದು ಸ್ವರವನ್ನು ತೆಗೆದು ಮೇಲಕ್ಕೆ ಕಳಿಸಿತು. ಮುಚ್ಚಿದ ಕೋಣೆಯಲ್ಲಿ ಇನ್ನೊಂದು ಬಾಗಿಲಿತ್ತೆಂದು ಆಗಷ್ಟೇ ತಿಳಿದಂತೆ ಅವನು ಕುಳಿತಿದ್ದ. ಕಿವಿ ನೋಯುವಷ್ಟು ಚೂಪಾಗಿತ್ತು, ನಿಜ. ಆದರೂ ಮೈಮೇಲಿನ ಕೂದಲು ಎದ್ದು ನಿಂತಿತ್ತು.

"ನೋಡಿದ್ರಾ? ಮಂಕು," ಎಂದಳು ಅವಳು.

ಅವನು ಪೆಡಲನ್ನು ಸಿಗ್ನಲ್ ಜನರೇಟರಿಗೆ ಜೋಡಿಸಿದ. ಬೇಕಾದ ಎತ್ತರದ ಶಿಳ್ಳೆ ಹೊರಡಿಸುವ ಸಾಧನ ಅದು. ಯಾವ ಎತ್ತರದಲ್ಲಿ ಪೆಡಲ್ ಸೊರಗುತ್ತಿದೆಯೆಂದು ಅದರಿಂದ ತಿಳಿಯುತ್ತದೆ. ಮುಳ್ಳನ್ನು ನಾಲ್ಕು ಸಾವಿರ ಹರ್ಟ್ಸಿಗೆ ತಂದು ಸ್ವಿಚ್ ಒತ್ತಿದ.

ಮುಂದುಗಡೆ ತಂತಿ ಕೊಳ್ಳುತ್ತಿದ್ದ ಕಾಲೇಜು ಹುಡುಗಿ ಎರಡೂ ಕಿವಿ ಮುಚ್ಚಿಕೊಂಡಳು. "ಅಯ್ಯೋ ಪುಣ್ಯಾತ್ಮ, ನಿಲ್ಸೋ ಅದನ್ನ! ಇರೋ ಒಬ್ಬ ಗಿರಾಕೀನೂ ಓಡಿಸ್ತೀಯ," ಎಂದು ಮಾವ ಕೂಗಿದ.

ಕನ್ನಡಕ ಮೇಡಂ ಅವರಿಬ್ಬರಿಗೂ ಬೆನ್ನು ಹಾಕಿ ಕೌಂಟರಿಗೆ ಮೊಣಕೈಯೂರಿ ನಿಂತಿದ್ದಳು.

"ಶುರು ಮಾಡಿ. ಕಾಯ್ತಿದ್ದೀನಿ," ಎಂದಳು.

ಅವನು ಅವಳ ಮುಖ ನೋಡಿದ. ತಮಾಷೆಯಲ್ಲ. ಎಡಹುಬ್ಬು ಅಲ್ಲೇ ಇತ್ತು. ಮುಳ್ಳನ್ನು ಮೆಲ್ಲಗೆ ಸಾವಿರಕ್ಕಿಳಿಸಿದ.

"ಅಬ್ಬಾ! ಹೇಳಿ ಮಾಡ್ಬಾರ್ದಾ?" ಎಂದು ಅವಳು ಬೆಚ್ಚಿದಳು.

ಮತ್ತೆ ನಾಲ್ಕು ಸಾವಿರಕ್ಕೆ ಏರಿಸಿದ. ಅವಳ ಮುಖ ತಿಳಿಯಾಯಿತು. "ಹಾಂ, ಈಗ ಸರಿ," ಎಂದಳು. ಶಿಳ್ಳೆ ಅಂಗಡಿಯ ಗಾಜುಗಳನ್ನು ಕೊರೆಯುತ್ತಲೇ ಇತ್ತು.

ಅವನು ಸ್ವಿಚ್ ಆರಿಸಿದ. ಮೂರು ವಾರದಿಂದ ಅವಳು ಹುಡುಕುತ್ತಿದ್ದುದು ಯಾವ ಪೆಡಲಿನಲ್ಲೂ ಕಾಣೆಯಾಗಿರಲಿಲ್ಲ. ಅವಳು ಕೇಳಿದಂತೆಲ್ಲ ಇನ್ನೂ ಚೂಪು ಮಾಡಿಕೊಟ್ಟವನು ತಾನು.

"ಪೆಡಲಿಗೆ ಏನಾಗಿದೆ?"

"ನೋಡ್ತೀನಿ," ಎಂದ. "ಎರಡು ದಿನ ಕೊಡಿ."

"ಮುಂದಿನ ಶನಿವಾರ ಕಾರ್ಯಕ್ರಮ. ಒಂಬತ್ತು ವರ್ಷದಲ್ಲಿ ಮೊದಲನೇ ಸಲ ಟಿಕೆಟ್ ಇಟ್ಟು ನುಡಿಸ್ತಿದ್ದೀವಿ. ಡ್ರಿಲ್ ನಿಲ್ಲದಿದ್ರೆ ಬೇರೆ ಗಿಟಾರಿನವರನ್ನ ಕರಿತೀನಿ ಅಂತ ನಮ್ಮ ಹಾಡುಗಾರ ಹೆದರಿಸ್ತಿದ್ದಾನೆ. ನನ್ನ ಮಾನ ನಿಮ್ಮ ಕೈಯಲ್ಲಿದೆ." ಹುಬ್ಬೆತ್ತಿ, ಬಟ್ಟೆ ಮಡಚಿ, ಅವಳು ಹೊರಟಳು.

*

"ಹೇಳಿಬಿಟ್ರೆ ಮತ್ತೆ ಈ ಕಡೆ ತಲೆ ಹಾಕಲ್ಲ," ಎಂದ ಮಾವ. ಬಾಗಿಲು ಹಾಕುವ ಹೊತ್ತಿಗೆ ಇವನು ಅವಳ ಕಿವಿಯ ವಿಷಯ ಬಿಚ್ಚಿದ್ದ. "ಹೇಳದೇ ಇದ್ರೆ ವಾರಕ್ಕೊಂದ್ಸಲ ಬರ್ತಾಳೆ. ನಿನಗೆ ಯಾವುದು ಬೇಕು ನೋಡ್ಕೋ."

"ಮಾವಾ!"

"ಏನು ಮಾವಾ? ನನಗೇನು ಕಣ್ಣಿಲ್ವಾ? ಅವಳು ಬರೋ ದಿನ ನೀನು ಶರ್ಟಿಗೆ ಇಸ್ತ್ರಿ ಹಾಕ್ಕೊಂಡು ಬರ್ತೀಯ. ಯಾವ ದಿನ ಬರ್ತಾಳೆ ಅಂತ ಗೊತ್ತಿಲ್ಲದೆ ಈಗ ದಿನಾ ಹಾಕ್ಕೊಂಡು ಬರ್ತೀಯ."

ಅವನು ಮೇಜಿನ ದೀಪ ಆರಿಸಿದ. ಮಾವ ಬೀಗದ ಕೈ ತಿರುಗಿಸುತ್ತ ದನಿ ತಗ್ಗಿಸಿದ: "ಶನಿವಾರ ಇನ್ನೂರು ಜನ ಕಿವಿ ಮುಚ್ಕೊಂಡಾಗ ಅವಳಿಗೆ ಗೊತ್ತಾಗತ್ತೆ. ನೀನು ಹೇಳಿದ್ರೆ ಇವತ್ತೇ ಗೊತ್ತಾಗತ್ತೆ. ಅಷ್ಟೇ ವ್ಯತ್ಯಾಸ. ಬೈಸ್ಕೊಳ್ಳೋನು ಮಾತ್ರ ನೀನು."

*

ಮರುದಿನ ಮಧ್ಯಾಹ್ನ ಅವನು ಕನ್ನಡಕದಂಗಡಿಗೆ ಹೋದ. ಮಾತನ್ನು ದಾರಿಯಲ್ಲೇ ಜೋಡಿಸಿಕೊಂಡಿದ್ದ. ಒಳಗೆ ಕಾಲಿಡುತ್ತಲೇ ಅದು ಚೆಲ್ಲಾಪಿಲ್ಲಿಯಾಯಿತು.

"ಓಹೋ, ರಿಪೇರಿಯವರು! ಕಣ್ಣು ತೋರಿಸೋಕಾ?"

"ಹೌದು," ಎಂದುಬಿಟ್ಟ.

ಅವಳು ಅವನನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ ಮೂಗಿನ ಮೇಲೆ ಭಾರವಾದ ದುಂಡು ಫ್ರೇಮ್ ಇಟ್ಟಳು. ಗಾಜುಗಳನ್ನು ಒಂದೊಂದಾಗಿ ಅದರೊಳಗೆ ಬಿಡಲು ಶುರುಮಾಡಿದಳು. ಅವಳ ಮುಖ ಒಂದು ಗೇಣು ದೂರದಲ್ಲಿತ್ತು. ಕೆಲಸದಲ್ಲಿ ಅವಳ ಹುಬ್ಬು ಏಳುತ್ತಿರಲಿಲ್ಲ. ಎರಡೂ ಸಮವಾಗಿ, ಗಂಭೀರವಾಗಿದ್ದವು. ಈ ಮುಖವನ್ನು ಅವನು ಕಂಡಿರಲಿಲ್ಲ.

"ಆ ಕೊನೇ ಸಾಲು ನೋಡಿ. ಇದು ಒಂದು... ಇದು ಎರಡು. ಯಾವುದು ಸ್ಪಷ್ಟ?"

"ಎರಡು."

"ಈಗ? ಒಂದಾ, ಎರಡಾ?"

"ಒಂದು."

"ಶಭಾಷ್. ಎರಡನೇ ಸಲ ಅದಲು ಬದಲು ಮಾಡಿದ್ದೆ. ನನ್ನ ಖುಷಿಗೆ ಅಂತ ಬಾಯಿಗೆ ಬಂದದ್ದು ಹೇಳೋರು ಇಲ್ಲೇ ಸಿಕ್ಕಿಬೀಳ್ತಾರೆ." ಅವಳು ಚೀಟಿಯಲ್ಲಿ ಬರೆದುಕೊಂಡಳು. "ಎಡಗಣ್ಣಿಗೆ ಮೈನಸ್ ಮುಕ್ಕಾಲು. ನಿಮಗೆ ದೂರದ್ದು ಸರಿಯಾಗಿ ಕಾಣಿಸ್ತಿಲ್ಲ, ಗೊತ್ತಿತ್ತಾ?"

ಎಷ್ಟು ಸಲೀಸಾಗಿ ಹೇಳಿದಳು! ಹವೆ ಹೇಗಿದೆ ಎಂದು ಹೇಳಿದಷ್ಟೇ ಸಲೀಸು.

"ಇಲ್ಲ, ಗೊತ್ತಿರಲಿಲ್ಲ," ಎಂದ. ಫ್ರೇಮಿನೊಳಗಿಂದ ಅವಳು ಎಂದಿಗಿಂತ ಸ್ಪಷ್ಟವಾಗಿ ಕಾಣುತ್ತಿದ್ದಳು. "ನಿಮಗೂ ಒಂದು ಕೇಳಿಸ್ತಿಲ್ಲ."

"ಏನು?"

"ನಿನ್ನೆ ಅಂಗಡಿಯಲ್ಲಿ ನಾಲ್ಕು ಸಾವಿರ ಹರ್ಟ್ಸಿನ ಶಿಳ್ಳೆ ಹಾಕಿದ್ದೆ. ಆ ಕಾಲೇಜು ಹುಡುಗಿ ಕಿವಿ ಮುಚ್ಕೊಂಡ್ಲು. ನೀವು ಶುರು ಮಾಡಿ ಅಂದ್ರಿ. ಪೆಡಲ್ ಮೂರೂ ಸರಿಯಾಗೇ ಇವೆ. ನಿಮ್ಮ ತಮ್ಮ ಹೇಳೋದೂ ಸರಿ."

ಅವಳ ಕೈಯಲ್ಲಿ ಇನ್ನೊಂದು ಗಾಜಿತ್ತು. ಅದನ್ನು ಮರದ ಪೆಟ್ಟಿಗೆಯಲ್ಲಿ ಅದರ ನಂಬರಿನ ಜಾಗ ಹುಡುಕಿ ಇಟ್ಟಳು.

"ಫ್ರೇಮ್ ತೆಗೀರಿ."

"ನಾನು ಹೇಳಬೇಕು ಅಂತಲೇ..."

"ಕಣ್ಣಿನ ನೆಪ ಹೇಳಿ ಬಂದ್ರಾ? ನನ್ನ ಕುರ್ಚಿಯಲ್ಲೇ ಕೂತ್ಕೊಂಡು ಹೇಳ್ತೀರಾ?" ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಹಗುರವಾಗುತ್ತಿತ್ತು. "ಒಂಬತ್ತು ವರ್ಷದಿಂದ ನುಡಿಸ್ತಿದ್ದೀನಿ. ಫ್ರೇಮ್ ಕೊಡಿ, ಹೊರಡಿ."

ಬೀದಿಯಲ್ಲಿ ಎದುರು ಕಟ್ಟಡದ ಬೋರ್ಡನ್ನು ಓದಲು ನೋಡಿದ. ಎಡಗಣ್ಣಿಗೆ ನಿಜಕ್ಕೂ ಅಕ್ಷರ ಒಡೆದು ಕಾಣುತ್ತಿತ್ತು.

*

ನಾಲ್ಕು ದಿನ ಅವಳ ಸುಳಿವಿಲ್ಲ. ಐದನೆಯ ದಿನ, ಗುರುವಾರ ಬೆಳಿಗ್ಗೆ, ಅಂಗಡಿ ತೆರೆಯುವ ಮೊದಲೇ ಅವಳು ಮೆಟ್ಟಿಲ ಮೇಲೆ ಕುಳಿತಿದ್ದಳು. ಗಿಟಾರು ಇರಲಿಲ್ಲ. ಮಡಚಿದ ಕಾಗದವೊಂದಿತ್ತು.

ಕೌಂಟರಿನ ಮೇಲೆ ಅದನ್ನು ಬಿಡಿಸಿದಳು. ಕಿವಿ ಪರೀಕ್ಷೆಯ ನಕ್ಷೆ. ಎರಡು ಗೆರೆಗಳು ಎಡದಿಂದ ನೇರವಾಗಿ ಬಂದು, ಮೂರು ಸಾವಿರದ ಹತ್ತಿರ ಕಾಲು ಜಾರಿ, ನಾಲ್ಕು ಸಾವಿರದಲ್ಲಿ ಹೊಂಡಕ್ಕೆ ಬಿದ್ದು, ಎಂಟು ಸಾವಿರದ ಹೊತ್ತಿಗೆ ಸ್ವಲ್ಪ ಮೇಲೆದ್ದಿದ್ದವು. ಎಡಗಿವಿಯ ಹೊಂಡ ಹೆಚ್ಚು ಆಳ: ಎಪ್ಪತ್ತೈದು ಡೆಸಿಬೆಲ್.

"ಒಳಕಿವಿಯಲ್ಲಿ ಹದಿನೈದು ಸಾವಿರ ಸಣ್ಣ ಸಣ್ಣ ಕೋಶಗಳಿರ್ತಾವಂತೆ, ಮೇಲೆ ಕೂದಲಿನ ಥರ," ಎಂದಳು. ಕಾಗದ ನೋಡಿಕೊಂಡೇ ಮಾತಾಡುತ್ತಿದ್ದಳು. "ಒಂದೊಂದು ಜಾಗದ್ದು ಒಂದೊಂದು ಎತ್ತರದ ಸದ್ದಿಗೆ ಏಳತ್ತಂತೆ. ಹುಟ್ಟುವಾಗ ಎಷ್ಟು ಕೊಟ್ಟಿರ್ತಾರೋ ಅಷ್ಟೇ. ಜೋರು ಸದ್ದಿಗೆ ಹೋದದ್ದು ಮತ್ತೆ ಬರಲ್ಲ. ಒಂಬತ್ತು ವರ್ಷ ತಮ್ಮನ ಡ್ರಮ್ಸಿನ ತಾಳದ ತಟ್ಟೆ ನನ್ನ ಎಡಗಿವಿ ಪಕ್ಕದಲ್ಲೇ ಇತ್ತು. ಅವನು ನಿನ್ನೆಯಿಂದ ಊಟ ಬಿಟ್ಟು ಕೂತಿದ್ದಾನೆ, ಪೆದ್ದ."

"ನನ್ನ ಮೇಲೆ ಸಿಟ್ಟು..."

"ಇದೆ. ಇರಲಿ ಬಿಡಿ, ಅದು ಬೇರೆ ವಿಷಯ." ಮೊದಲ ಬಾರಿಗೆ ಅವಳ ಕಣ್ಣು ಮೇಲೆದ್ದಿತು. "ದಿನಾ ಜನರಿಗೆ ಕಾಣಿಸ್ತಿಲ್ಲ ಅಂತ ಹೇಳ್ತೀನಿ. ಹೇಳಿದ ತಕ್ಷಣ ಕೈಗೆ ಕನ್ನಡಕ ಕೊಡ್ತೀನಿ. ನನ್ನ ಕೈಗೆ ಯಾರು ಏನು ಕೊಡ್ತಾರೆ? ಶನಿವಾರ ನುಡಿಸಲ್ಲ ಅಂತ ಹೇಳಿಬಿಡೋಣ ಅಂತಿದ್ದೀನಿ. ಶನಿವಾರ ಅಂತಲ್ಲ, ಒಟ್ಟಿನಲ್ಲೇ."

ಅವನು ಸಮಾಧಾನದ ಮಾತು ಬಲ್ಲವನಲ್ಲ. ಅಂಕಿ ಬಲ್ಲವನು. ಪೆನ್ಸಿಲ್ ತೆಗೆದು ಆ ನಕ್ಷೆಯ ಮೇಲೆ ಎರಡು ಚುಕ್ಕಿ ಇಟ್ಟ.

"ಇದು ನಿಮ್ಮ ಗಿಟಾರಿನ ಅತಿ ಕೆಳಗಿನ ಸ್ವರ, ಎಂಬತ್ತೆರಡು ಹರ್ಟ್ಸ್. ಇದು ಅತಿ ಮೇಲಿನ ಸ್ವರ, ಸುಮಾರು ಸಾವಿರದ ಮುನ್ನೂರು. ನೀವು ನುಡಿಸೋ ಎಲ್ಲಾ ಸ್ವರಗಳೂ ಈ ಎರಡರ ಮಧ್ಯದಲ್ಲೇ ಇವೆ. ಗೆರೆ ನೋಡಿ. ಅಲ್ಲಿ ನೇರ ಇದೆ."

ಅವಳು ಬಗ್ಗಿ ನೋಡಿದಳು.

"ಒಂದು ಸ್ವರವೂ ಹೋಗಿಲ್ಲ," ಎಂದ. "ಸ್ವರದ ಮೇಲಿನ ಅಂಚು ಹೋಗಿದೆ, ಅಷ್ಟೇ. ಪೆಡಲ್ ಹುಟ್ಟಿಸೋದು ಆ ಅಂಚನ್ನೇ. ಅದಕ್ಕೇ ನಿಮಗೆ ಯಾವ ಪೆಡಲೂ ಹಿಡಿಸ್ತಿಲ್ಲ."

ಬಹಳ ಹೊತ್ತು ಅವಳ ಬೆರಳು ಆ ಎರಡು ಚುಕ್ಕಿಗಳ ನಡುವೆ ಹೋಗಿಬಂದು ಮಾಡುತ್ತಿತ್ತು. ಹೋಗುವಾಗ ಮೆಲ್ಲಗೆ, ಬರುವಾಗ ಇನ್ನೂ ಮೆಲ್ಲಗೆ. ಇಡೀ ಮನೆ ಸುಟ್ಟುಹೋಯಿತೆಂದು ಓಡಿಬಂದವಳು ಕೋಣೆಕೋಣೆಗೂ ಹೋಗಿ ಗೋಡೆ ಮುಟ್ಟಿ ನೋಡುವಂತಿತ್ತು.

"ಎಲ್ಲಾ ಇದೆ," ಎಂದಳು, ಪಿಸುದನಿಯಲ್ಲಿ.

"ಎಲ್ಲಾ ಇದೆ."

"ಅಂಚು ನಿಮಗೆ ಕೇಳಿಸತ್ತಾ?"

"ಕೇಳಿಸತ್ತೆ."

ಅವಳು ಎದ್ದು ಗೋಡೆಯಲ್ಲಿದ್ದ ಗಿಟಾರೊಂದನ್ನು ಕೇಳದೆಯೇ ಇಳಿಸಿಕೊಂಡಳು. "ಅಂಗಡಿಯಲ್ಲಿ ಎಷ್ಟು ಪೆಡಲ್ ಇವೆ?"

"ಡಿಸ್ಟಾರ್ಷನ್ ಒಂಬತ್ತು."

"ಎಲ್ಲಾ ಸಾಲಾಗಿ ಇಡಿ. ನನಗೆ ಬೆನ್ನು ಹಾಕಿ ಕೂತ್ಕೊಳ್ಳಿ. ಕಣ್ಣು ಮುಚ್ಚಿ. ಖುಷಿಪಡಿಸೋಕೆ ಸುಳ್ಳು ಹೇಳಿದ್ರೆ ನನಗೆ ಗೊತ್ತಾಗತ್ತೆ, ನೆನಪಿರಲಿ."

ಅವನು ಕುಳಿತ. ಬೆನ್ನ ಹಿಂದೆ ಪೆಡಲಿನ ಸ್ವಿಚ್ಚು ಟಕ್ಕೆಂದಿತು.

"ಒಂದು..." ಒಂದು ಸ್ವರ, ಎಂಟು ಸೆಕೆಂಡು. ಟಕ್. "ಎರಡು. ಯಾವುದು?"

"ಎರಡು."

"ಈಗ? ಒಂದಾ, ಎರಡಾ?"

"ಒಂದು. ಅದಲು ಬದಲು ಮಾಡಿದ್ರಿ."

ಹಿಂದಿನಿಂದ ಸಣ್ಣ ನಗು ಬಂತು. ಆ ಹುಬ್ಬು ಎದ್ದಿರಬೇಕೆಂದು ಅವನು ಕಣ್ಣು ಮುಚ್ಚಿಕೊಂಡೇ ಕಂಡ.

ಒಂಬತ್ತು ನಾಲ್ಕಕ್ಕಿಳಿಯಿತು, ನಾಲ್ಕು ಎರಡಕ್ಕೆ. ಮಾವ ಬಂದು, ಇಬ್ಬರನ್ನೂ ನೋಡಿ, ಹೊರಗಿನ ಬೋರ್ಡನ್ನು 'ಮುಚ್ಚಿದೆ' ಎಂದು ತಿರುಗಿಸಿ ಕಾಫಿ ತರಲು ಹೋದ. ಕೊನೆಗೆ ಉಳಿದದ್ದು ಚೌಕ ಮೂತಿಯ, ಬಣ್ಣ ಹೋದ ಒಂದು ಬೂದು ಪೆಡಲ್. ಒಳಗೆ ಎರಡು ಹಳೆಯ ಡಯೋಡುಗಳು. ಅಲೆಯ ತಲೆಯನ್ನು ಅವು ಕತ್ತರಿಸುವುದಿಲ್ಲ, ಬಗ್ಗಿಸುತ್ತವೆ. ಟೋನ್ ಗುಂಡಿಯನ್ನು ಅವನ ಮಾತಿನಂತೆ ಅರ್ಧಕ್ಕಿಂತ ಕೂದಲೆಳೆ ಕೆಳಗೆ ನಿಲ್ಲಿಸಿದರು.

ಅವಳು ನುಡಿಸಿದಳು. ಅವಳ ಮುಖ ಮೆಲ್ಲಗೆ ಬಾಡಿತು.

"ನನಗೆ ಇದು ಬರೀ ಹತ್ತಿ. ಇದನ್ನ ಇಟ್ಕೊಂಡು ಇನ್ನೂರು ಜನರ ಮುಂದೆ ನಿಂತ್ಕೋಬೇಕಾ?"

"ಹೌದು."

"ನಿಮ್ಮ ಮಾತು ನಂಬಿ?"

"ಹೌದು."

"ಹಾಗಾದ್ರೆ ಹೇಳಿ. ನನಗೆ ಕೇಳಿಸದೇ ಇರೋದು ಹೇಗಿದೆ?"

ಅವನು ತಡವರಿಸಿದ. "ನಿಮ್ಮ ಮೆಶಿನ್ನಿನಲ್ಲಿ ಗಾಜಿನ ಅಂಚು ಉಜ್ಜಿದ ಮೇಲೆ ಬೆರಳಿಟ್ಟು ನೋಡ್ತೀರಲ್ಲ, ಆಗ ಹೇಗಿರತ್ತೆ?"

"ಕುಯ್ಯಲ್ಲ. ಆದ್ರೆ ಅಂಚು ಇದೆ ಅಂತ ಗೊತ್ತಾಗತ್ತೆ."

"ಹಾಗಿದೆ."

ಅವಳು ಹೆಬ್ಬೆರಳನ್ನು ತೋರುಬೆರಳ ತುದಿಗೆ ಒಮ್ಮೆ ಸವರಿದಳು. ಅದೇ ಸ್ವರವನ್ನು ಮತ್ತೆ ಮೀಟಿದಳು. ಈ ಬಾರಿ ಮುಖ ಬಾಡಲಿಲ್ಲ. ಕೇಳಿಸದ್ದನ್ನು ಕೇಳಿಸಿಕೊಳ್ಳುತ್ತಿರುವವಳ ಮುಖವನ್ನು ಅವನು ಹಿಂದೆಂದೂ ನೋಡಿರಲಿಲ್ಲ. ಉಸಿರು ಬಿಟ್ಟರೆ ಎಲ್ಲಿ ಕದಡುತ್ತದೋ ಎಂದು ಹಿಡಿದುಕೊಂಡಿದ್ದ.

*

ಶನಿವಾರ ಮಧ್ಯಾಹ್ನ ನಾಲ್ಕು ಗಂಟೆ. ಗ್ರಂಥಾಲಯದ ಮೇಲ್ಮಹಡಿಯ ಸಭಾಂಗಣದಲ್ಲಿ ಇನ್ನೂರಿಪ್ಪತ್ತು ಖಾಲಿ ಕುರ್ಚಿಗಳು. ಕೋಣೆಯಲ್ಲಿ ಸರಿಯಿದ್ದ ಟೋನ್ ಸಭಾಂಗಣದಲ್ಲಿ ಸರಿಯಿರುವುದಿಲ್ಲ. ಬರಿಗೋಡೆ, ಮರದ ನೆಲ ಎಲ್ಲವೂ ಅದನ್ನು ಬದಲಿಸುತ್ತವೆ. ಅದಕ್ಕೇ ರಿಪೇರಿಯವನು ಕಟ್ಟಕಡೆಯ ಸಾಲಿನಲ್ಲಿ ನಿಂತಿದ್ದ. ವೇದಿಕೆಯ ಮೇಲೆ ಅವಳ ತಮ್ಮ, ತಾಳದ ತಟ್ಟೆಗಳನ್ನೆಲ್ಲ ಅಕ್ಕನಿಂದ ಮೂರು ಮಾರು ಆಚೆಗೆ ಸರಿಸಿಕೊಂಡು, ಮಧ್ಯೆ ಒಂದು ಹಲಗೆಯನ್ನೂ ನಿಲ್ಲಿಸಿದ್ದ.

"ಇನ್ನು ಸ್ವಲ್ಪ ಹೋದ್ರೆ ನೀನು ಪಕ್ಕದ ಬೀದಿಯಲ್ಲಿ ಬಾರಿಸ್ತೀಯ ಕಣೋ," ಎಂದಳು ಅವಳು.

"ಸುಮ್ನಿರಕ್ಕ. ಪ್ಲಗ್ ಹಾಕ್ಕೊಂಡ್ಯಾ? ಡಾಕ್ಟ್ರು ಹೇಳಿದ್ದಾರೆ."

"ನೀನು ಬಾರಿಸುವಾಗ ಹಾಕ್ಕೋತೀನಪ್ಪಾ."

ಅವಳು ನುಡಿಸಿದಳು. ಕಡೆಯ ಸಾಲಿನಿಂದ ರಿಪೇರಿಯವನು ಕೈ ಸ್ವಲ್ಪ ಇಳಿಸಿದ. ಅವಳು ಬಗ್ಗಿ ಗುಂಡಿ ಇಳಿಸಿದಳು. ಮತ್ತೆ ಸ್ವರ. ಕೈ ಇನ್ನೂ ಕೂದಲೆಳೆ ಕೆಳಗೆ. ಮತ್ತೆ ಸ್ವರ. ನಾಲ್ಕು ಸೆಕೆಂಡು, ಆರು, ಎಂಟು. ಒಳಗಿನ ಆ ಇನ್ನೊಂದು ಸ್ವರ ಎದ್ದು, ಚಾವಣಿಯನ್ನು ಮುಟ್ಟಿ, ಖಾಲಿ ಕುರ್ಚಿಗಳ ಮೇಲೆ ಸಾಲುಸಾಲಾಗಿ ಇಳಿಯಿತು. ಹಾಡುಗಾರ ನೀರಿನ ಬಾಟಲಿಯನ್ನು ಬಾಯಿಯ ಹತ್ತಿರ ಹಿಡಿದು ಹಾಗೇ ನಿಂತ. ಅವಳ ತಮ್ಮ ಡ್ರಮ್ಸಿನ ಕಡ್ಡಿ ಕೆಳಗಿಟ್ಟ. ರಿಪೇರಿಯವನ ಕೈ ಗಾಳಿಯಲ್ಲಿ ನಿಂತಿತ್ತು. ಇಳಿಸುವುದಕ್ಕೂ ಇರಲಿಲ್ಲ, ಏರಿಸುವುದಕ್ಕೂ ಇರಲಿಲ್ಲ.

ಅವಳು ಮೈಕಿನ ಹತ್ತಿರ ಬಂದಳು. "ಹೇಗಿದೆ?"

ಅವನು ಏನೋ ಹೇಳಿದ.

"ಕೇಳಿಸ್ತಿಲ್ಲ. ಹತ್ತಿರ ಬಂದು ಹೇಳು."

ಅವಳು ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅವಳ ತಮ್ಮ ಹಾಡುಗಾರನ ಮುಖ ನೋಡಿದ. "ಕಾಫಿ ಕುಡಿಯೋಣ ಬಾ," ಎಂದು ಅವನ ರಟ್ಟೆ ಹಿಡಿದು ಎಳೆದುಕೊಂಡು ಹೋದ.

ಹದಿನಾಲ್ಕು ಸಾಲು ದಾಟಿ, ಐದು ಮೆಟ್ಟಿಲು ಹತ್ತಿ ಅವನು ಬಂದು ನಿಂತ. ಅವಳು ಆಂಪ್ಲಿಫೈಯರ್ ಆರಿಸಿದಳು. ಅದುವರೆಗೂ ಗುಂಯ್‌ಗುಡುತ್ತಿದ್ದ ಸದ್ದು ನಿಂತಿತು. ಅಷ್ಟು ದೊಡ್ಡ ಕೋಣೆಯಲ್ಲಿ ಅಷ್ಟು ನಿಶ್ಶಬ್ದ ಹಿಡಿಯುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

"ಟೋನ್ ಸರಿ ಇದೆ," ಎಂದ.

"ಅದು ಗೊತ್ತಾಯ್ತು. ಕೈ ನಿಂತಿತ್ತಲ್ಲ. ಇನ್ನೇನೋ ಹೇಳಿದೆ ಅಲ್ಲಿಂದ."

"ಹೌದು."

"ಅದೂ ನಾಲ್ಕು ಸಾವಿರದ ಮೇಲಿನದಾ?"

"ಅಲ್ಲ. ನನ್ನ ದನಿ ನೂರಿಪ್ಪತ್ತು ಹರ್ಟ್ಸು. ನಿನಗೆ ಚೆನ್ನಾಗಿ ಕೇಳಿಸಬೇಕು."

ಎಡಹುಬ್ಬು ಏಳಲಿಲ್ಲ. ಗಾಜು ಬಿಡುವಾಗಿನ ಆ ಸಮವಾದ, ಗಂಭೀರವಾದ ಮುಖವೇ ಅವನ ಕಡೆ ತಿರುಗಿತು. ಆ ಮುಖಕ್ಕೆ ಸುಳ್ಳು ಹೇಳಲಾಗುವುದಿಲ್ಲ.

ಅವನು ಹೇಳಿದ. ನಾಲ್ಕೇ ಮಾತು. ಹನ್ನೊಂದು ವರ್ಷ ಬೇರೆಯವರ ಸದ್ದನ್ನು ಸರಿಮಾಡಿದವನು ತನ್ನ ಸ್ವಂತದ್ದೊಂದನ್ನು ಹೊರಗಿಟ್ಟ. ದನಿ ಮಧ್ಯದಲ್ಲಿ ಒಮ್ಮೆ ನಡುಗಿತು. ಅವನು ಅದನ್ನು ತಿದ್ದಲಿಲ್ಲ.

ಅವಳು ಕಣ್ಣು ಮುಚ್ಚಿಕೊಂಡಳು.

"ಇನ್ನೊಮ್ಮೆ," ಎಂದಳು.

"ಕೇಳಿಸಲಿಲ್ವಾ?"

"ಕೇಳಿಸ್ತು. ಅದಕ್ಕೇ ಇನ್ನೊಮ್ಮೆ."